ಬೀರುವಿನೊಳಗಿನ ದರ್ಪಣ ಸುಂದರಿ

ಹಾಸನದಲ್ಲಿ ಕೌನ್ಸೆಲರ್ ಆಗಿ ಕೂತಿರುವ ನನಗೆ ಮನೆಯಲ್ಲಿಟ್ಟ ವಿಗ್ರಹಕ್ಕಾಗಿ ನಡೆಯುವ ಜಗಳ ಹೊಸದಲ್ಲ. ನಟರಾಜನ ಬೊಂಬೆ ಇಟ್ಟಿದ್ದಕ್ಕೇ ಮನೇಲಿ ಜಗಳ ಅನ್ನುವವರೂ ಬರುತ್ತಾರೆ. ಈ ಸಲ ಬಂದವರು ಸಕಲೇಶಪುರ ಕಡೆಯ ಕ್ರೈಸ್ತ ದಂಪತಿ. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಮಗುವಿಗೆ ಪದೇ ಪದೇ ವೀಸಿಂಗ್, ಅಂದರೆ ಸುಯ್‌ಗುಡುವ ಉಸಿರಾಟ. ಅನ್ಯದೇವರ ವಿಗ್ರಹ ಮನೇಲಿರೋದಕ್ಕೇ ಹೀಗೆ, ಒಡೆದು ಹಾಕಿ ಅಂತ ಗಂಡ ಹೋಗುವ ಪ್ರಾರ್ಥನಾ ಕೂಟದಲ್ಲಿ ಯಾರೋ ಹೇಳಿದ್ದರು.

ಆ ವಿಗ್ರಹ ಯಾವುದು ಗೊತ್ತಾ? ಬೇಲೂರಿನ ದರ್ಪಣ ಸುಂದರಿ! ದೇವಸ್ಥಾನದ ಮದನಿಕೆ, ಗರ್ಭಗುಡಿಯ ದೇವರಲ್ಲ. ಟೀಚರ್ ಆಗಿದ್ದ ಹೆಂಡತಿಯ ಅಮ್ಮ ಶಾಲಾ ಪ್ರವಾಸಕ್ಕೆ ಹೋದಾಗ ತಂದ, ಗೇಣುದ್ದದ ಬಳಪದ ಕಲ್ಲಿನ ಬೊಂಬೆ. ಅಮ್ಮ ಈಗಿಲ್ಲ.

ಮೂರನೇ ಭೇಟಿಯಲ್ಲಿ ಆಕೆ ಅದನ್ನು ಹಳೇ ಟವೆಲ್‌ನಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲೆ ಬಿಚ್ಚಿದರು. ಕನ್ನಡಿ ಹಿಡಿದ ಕೈ ಮುರಿದು ಅಂಟಿಸಿದ ಕಡೆ ಗೋಂದು ಹಳದಿಯಾಗಿತ್ತು. ಗಂಡ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡರು. ಅಷ್ಟು ದಿನ ನಾನು ಹಟ ಅಂದುಕೊಂಡಿದ್ದು ಹೆದರಿಕೆ ಅಂತ ಆಗ ಗೊತ್ತಾಯಿತು.

"ರೀ, ನಾನು ಒಂದಿನ ಇದಕ್ಕೆ ಕೈ ಮುಗಿದಿದ್ದೀನಾ? ಧೂಳು ಒರೆಸಿದ್ದೀನಿ ಅಷ್ಟೇ."

ಗಂಡ ಬೈಬಲ್‌ನ ಧರ್ಮೋಪದೇಶಕಾಂಡದ 7:26 ಹೇಳಿದರು, ಅಸಹ್ಯವಾದದ್ದನ್ನು ಮನೆಗೆ ತರಬಾರದು ಅನ್ನುವ ವಚನ. ಆಮೇಲೆ ಮೆಲ್ಲಗೆ, "ಮಗು ಉಸಿರೆಳೆಯೋದು ಕೇಳಿದ್ರೆ ನಂಗೆ ಏನು ಮಾಡ್ಬೇಕೋ ತಿಳಿಯಲ್ಲ ಮೇಡಂ."

ಮೊದಲು ಮಕ್ಕಳ ಡಾಕ್ಟರ್, ಅವರು ಕೊಟ್ಟ ಇನ್ಹೇಲರ್ ನಿಲ್ಲಿಸಬಾರದು, ಇದರಲ್ಲಿ ಚೌಕಾಸಿ ಇಲ್ಲ ಅಂದೆ. ಬೊಂಬೆ ಒಡೆಯೋದು ಬೇಡ, ಹಾಲ್‌ನಲ್ಲೂ ಬೇಡ, ಸದ್ಯಕ್ಕೆ ಆಕೆಯ ಬೀರುವಿನಲ್ಲಿರಲಿ. ಕದ್ದು ಮುಚ್ಚಿ ಅಲ್ಲ, ಗಂಡನಿಗೆ ಗೊತ್ತಿದ್ದೇ.

ಶಿಲ್ಪ ಕಣ್ರೀ, ಧೈರ್ಯವಾಗಿ ಹಾಲ್‌ನಲ್ಲೇ ಇಡಿ ಅನ್ನಬೇಕಿತ್ತು ಅಂತ ಸಹೋದ್ಯೋಗಿಯೊಬ್ಬರು ಬೈದರು. ಹೊಯ್ಸಳರ ನಾಡಿನವಳಾದ ನನಗೂ ಅದೇ ಬಾಯಿಗೆ ಬಂದಿತ್ತು. ಆದರೆ ಹೆದರಿದವರ ಜೊತೆ ವಾದ ಗೆದ್ದರೆ ಆ ಹೆದರಿಕೆ ಹೆಂಡತಿಯ ಮೇಲೆ ತಿರುಗುತ್ತೆ, ಇದನ್ನು ಎಷ್ಟೋ ಸಲ ನೋಡಿದ್ದೇನೆ. ಅವರ ಬೈಬಲ್‌ನಲ್ಲೇ ಅಪೊಸ್ತಲ ಪೌಲ ಬರೆದ 1 ಕೊರಿಂಥ ಪತ್ರದ 8ನೇ ಅಧ್ಯಾಯ ತೆಗೆಸಿ ಓದಿಸಿದೆ. ವಿಗ್ರಹ ಏನೂ ಅಲ್ಲ ಅಂತ ಪೌಲ ಅಲ್ಲಿ ಹೇಳುತ್ತಾನೆ, ಆದರೂ ಮನಸ್ಸು ಅಳುಕುವವರನ್ನು ಎಡವಿಸಬೇಡಿ ಅಂತಲೂ ಹೇಳುತ್ತಾನೆ. ಇಬ್ಬರಿಗೂ ಅದರಲ್ಲಿ ಪಾಲಿತ್ತು, ಅಲ್ವಾ?

ಮಲಗುವ ಕೋಣೆಯ ಗೋಡೆಯ ತೇವ, ಬೂಸ್ಟು ಮೊದಲು ಸರಿಮಾಡಿ ಅಂದರಂತೆ ಡಾಕ್ಟರ್. ಹೆಂಚು ಬದಲಿಸಿದ್ದಾರೆ. ಬೊಂಬೆ ಸೀರೆಗಳ ನಡುವೆ ಇದೆ. ಆ ಬೀರುವಿನ ಬಾಗಿಲನ್ನು ಗಂಡ ಇನ್ನೂ ಮುಟ್ಟಲ್ಲವಂತೆ.