ರಾತ್ರಿ ಬರುವ ತಂಗಿಯ ಕರೆಗಳನ್ನೆಲ್ಲ ಎತ್ತಲೇಬೇಕೇ?

ಪ್ರಶ್ನೆ: ನಾನು ಗಂಗಾವತಿಯ ಗೃಹಿಣಿ. ಬಳ್ಳಾರಿಯ ಜೀನ್ಸ್ ಘಟಕವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ನನ್ನ ತಂಗಿಗೆ 24 ವರ್ಷ. ಬೆಳಿಗ್ಗೆ ‘ಅಕ್ಕಾ, ನೀನೇ ನನ್ನ ಜೀವ’ ಎನ್ನುವವಳು, ಫೋನ್ ಎತ್ತಲು ತಡವಾದರೆ ‘ನೀನು ನನ್ನ ಪಾಲಿಗೆ ಸತ್ತಂಗೆ’ ಎನ್ನುತ್ತಾಳೆ. ಎರಡು ಸಲ ತನ್ನನ್ನು ತಾನೇ ಗಾಯಪಡಿಸಿಕೊಂಡಿದ್ದಾಳೆ. ಮನೋವೈದ್ಯರು ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಎಂದಿದ್ದಾರೆ. ಮದುವೆಯಾದರೆ ಸರಿಹೋಗುತ್ತಾಳೆಂದು ಅವ್ವ ಗಂಡು ನೋಡುತ್ತಿದ್ದಾಳೆ. ರಾತ್ರಿಯಿಡೀ ಬರುವ ಅವಳ ಕರೆಗಳಿಂದ ನಾನು ಸೋತಿದ್ದೇನೆ.

ಉತ್ತರ: ನಿಮ್ಮ ತಂಗಿ ನಾಟಕವಾಡುತ್ತಿಲ್ಲ. ಈ ಕಾಯಿಲೆಯಿರುವವರಲ್ಲಿ ಭಾವನೆಗಳು ಬೇಗ ಕೆರಳುತ್ತವೆ, ಶಮನವಾಗಲು ಬಹಳ ಹೊತ್ತು ಹಿಡಿಯುತ್ತವೆ. ಹತ್ತಿರದವರು ಕೈಬಿಟ್ಟಾರೆಂಬ ಭಯ ಎಷ್ಟು ತೀವ್ರವೆಂದರೆ, ನೀವು ಎತ್ತದ ಒಂದು ಕರೆಯೂ ಅವಳಿಗೆ ಸಂಬಂಧ ಮುಗಿದುಹೋದಂತೆ ಅನ್ನಿಸುತ್ತದೆ. ಹುಟ್ಟಿನಿಂದ ಬಂದ ಸೂಕ್ಷ್ಮ ಸ್ವಭಾವವೂ ಬೆಳೆದ ಪರಿಸರವೂ ಸೇರಿ ಇದು ರೂಪುಗೊಳ್ಳುತ್ತದೆ. ಆದ್ದರಿಂದ ಅವ್ವನನ್ನು ದೂರುವುದರಿಂದ ಪ್ರಯೋಜನವಿಲ್ಲ.

ಈ ಕಾಯಿಲೆಗೆಂದೇ ಅನುಮೋದನೆ ಪಡೆದ ಮಾತ್ರೆ ಇಲ್ಲ. ಈಗ ಕೊಟ್ಟಿರುವವು ಖಿನ್ನತೆ, ಆತಂಕ, ನಿದ್ರಾಹೀನತೆಗಳಿಗೆ ಇರಬಹುದು. ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಮುಖ್ಯ ಚಿಕಿತ್ಸೆ ಮಾತಿನದು ಮತ್ತು ಅಭ್ಯಾಸದ್ದು. ಅಮೆರಿಕದ ಮನೋವಿಜ್ಞಾನಿ ಮಾರ್ಷಾ ಲಿನೆಹಾನ್ ರೂಪಿಸಿದ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಎಂಬ ಪದ್ಧತಿಯಲ್ಲಿ, ಸುಮಾರು ಒಂದು ವರ್ಷ, ವಾರಕ್ಕೊಮ್ಮೆ ಚಿಕಿತ್ಸಕರೊಂದಿಗೆ ಮಾತುಕತೆಯೂ ಗುಂಪಿನಲ್ಲಿ ತರಬೇತಿಯೂ ನಡೆಯುತ್ತವೆ. ಸಂಕಟವನ್ನು ಅನಾಹುತ ಮಾಡಿಕೊಳ್ಳದೆ ದಾಟುವುದು, ಬೇಕಾದದ್ದನ್ನು ಜಗಳವಿಲ್ಲದೆ ಕೇಳುವುದು ಅಲ್ಲಿ ಕಲಿಸುವ ಕೌಶಲಗಳು. ತಾವೂ ಯೌವನದಲ್ಲಿ ಇಂಥದೇ ನೋವಿನಿಂದ ಆಸ್ಪತ್ರೆ ಸೇರಿದ್ದಾಗಿ ಲಿನೆಹಾನ್ 2011ರಲ್ಲಿ ಬಹಿರಂಗವಾಗಿ ಹೇಳಿದರು. ದೀರ್ಘಕಾಲದ ಅಧ್ಯಯನಗಳಲ್ಲಿಯೂ ಹತ್ತು ವರ್ಷಗಳೊಳಗೆ ಬಹುಪಾಲು ಜನರ ಲಕ್ಷಣಗಳು ತಗ್ಗಿವೆ.

ಪೂರ್ಣ ಡಿಬಿಟಿ ತಂಡ ಎಲ್ಲೆಡೆ ಸಿಗುವುದಿಲ್ಲ. ಆದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಮೊದಲು ಪ್ರಯೋಗಿಸಿದ್ದೇ ಬಳ್ಳಾರಿಯಲ್ಲಿ ಎಂಬುದನ್ನು ನಮ್ಮ ಭಾಗದವರೇ ಮರೆತಿದ್ದೇವೆ. ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ, ಮಾತಿನ ಚಿಕಿತ್ಸೆ ನೀಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಬಗ್ಗೆ ಕೇಳಿ. ಅಗತ್ಯಬಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಬರೆದುಕೊಡಲು ಕೋರಿ.

ಮದುವೆಯ ಮಾತನ್ನು ಸದ್ಯ ನಿಲ್ಲಿಸಿ. ಅವಳು ಮದುವೆಗೆ ಅರ್ಹಳಲ್ಲವೆಂದಲ್ಲ; ಕೈಬಿಟ್ಟಾರೆಂಬ ಭಯ ಅತ್ಯಂತ ಆಪ್ತ ಸಂಬಂಧದಲ್ಲೇ ಹೆಚ್ಚು ಕಾಡುತ್ತದೆ, ಮತ್ತು ಹೊಸ ಮನೆಯಲ್ಲಿ ಇದನ್ನು ಅರ್ಥಮಾಡಿಕೊಳ್ಳುವವರು ಯಾರೂ ಇರುವುದಿಲ್ಲ. ಗಂಡಿನವರಿಂದ ಮುಚ್ಚಿಟ್ಟು ಮಾಡುವ ಮದುವೆಯಂತೂ ಅವಳಿಗೆ ಮಾಡುವ ಅನ್ಯಾಯ.

ಇನ್ನು ಕರೆಗಳು. ಎಲ್ಲವನ್ನೂ ಎತ್ತಬೇಕಿಲ್ಲ. ಅವಳು ಸಮಾಧಾನದಲ್ಲಿರುವಾಗ, ದಿನಾ ರಾತ್ರಿ ಎಂಟೂವರೆಗೆ ನಾನೇ ಮಾಡುತ್ತೇನೆ ಎಂದು ಹೇಳಿ, ಆ ಸಮಯವನ್ನು ಒಂದು ದಿನವೂ ತಪ್ಪಿಸಬೇಡಿ. ಅವಳು ಬೈದಾಗ ಸರಿತಪ್ಪುಗಳ ವಾದಕ್ಕಿಳಿಯದೆ, ‘ನಿನಗೆ ತುಂಬ ಸಂಕಟವಾಗಿದೆ ಅಂತ ಗೊತ್ತಾಗ್ತದ’ ಎಂದರೆ ಸಾಕು. ಸಾಯುವ ಮಾತು ಬಂದರೆ ಈ ನಿಯಮವನ್ನು ಬದಿಗಿಡಿ. ಅಂಥ ಯೋಚನೆಯಿದೆಯೇ ಎಂದು ನೇರವಾಗಿ ಕೇಳಿ, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಬಳ್ಳಾರಿಯಲ್ಲಿರುವ ಪರಿಚಿತರನ್ನು ಅವಳ ಬಳಿಗೆ ಕಳಿಸಿ, ಹಗಲಿರುಳು ಲಭ್ಯವಿರುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ, ಅಪಾಯವೆನಿಸಿದರೆ ತುರ್ತು ವಿಭಾಗಕ್ಕೆ ಕರೆದೊಯ್ಯಿಸಿ. ಪೊಲೀಸ್ ಕೇಸಾದೀತೆಂದು ಹಿಂಜರಿಯಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡಕ್ಕೊಳಗಾದವರೆಂದೇ ಭಾವಿಸಿ ಶಿಕ್ಷೆಯಿಂದ ಕಾಪಾಡುತ್ತದೆ.

ಮುಂದಿನ ಸಲ ವೈದ್ಯರ ಬಳಿ ಹೋಗುವಾಗ, ತಂಗಿ ಒಪ್ಪಿದರೆ, ಅವ್ವನನ್ನೂ ಜೊತೆಗೆ ಕರೆದೊಯ್ಯಿರಿ. ಮದುವೆಯ ವಿಷಯವನ್ನು ನಿಮಗಿಂತ ವೈದ್ಯರೇ ಹೇಳುವುದು ಒಳ್ಳೆಯದು.