ಅಡಿಕೆ ಡಬ್ಬಿಯಲ್ಲಿ ಬಿಪಿ ಮಾತ್ರೆ

ಗುರುತು ಸಿಗದಂತೆ ಊರು, ಕಸುಬು, ತಾರೀಖು ಬದಲಿಸಿದ್ದೇನೆ. ಆರೋಗ್ಯ ವಿಮೆಯ ಕ್ಲೇಮ್ ತಿರಸ್ಕಾರದಿಂದ ಹುಟ್ಟಿದ ಜಗಳ ಹೊತ್ತು ನನ್ನ ಹತ್ತಿರ ಆಪ್ತಸಲಹೆಗೆ ಬರುವವರು ಹೆಚ್ಚಾಗಿದ್ದಾರೆ, ಹಾಗಾಗಿ ಬರೆಯುತ್ತಿದ್ದೇನೆ.

ಗಂಡನಿಗೆ 53 ವರ್ಷ, ಹಾರ್ಡ್‌ವೇರ್ ಅಂಗಡಿ. 2024ರ ನವೆಂಬರಿನಲ್ಲಿ ಎದೆನೋವು ಬಂದು ಸ್ಟೆಂಟ್ ಹಾಕಿದರು. ಬಿಲ್ಲು 2,60,000 ರೂಪಾಯಿ. ಪಾಲಿಸಿ ಮಾಡಿಸುವ ಮೊದಲೇ ಬಿಪಿ ಇತ್ತು, ಅರ್ಜಿಯಲ್ಲಿ ಮುಚ್ಚಿಟ್ಟಿದ್ದಾರೆ ಎಂದು ವಿಮಾ ಕಂಪನಿ ಕ್ಲೇಮ್ ತಿರಸ್ಕರಿಸಿತು. ಪಾಲಿಸಿ ಮಾಡಿಸಿದ್ದು ಹೆಂಡತಿಯ ತಮ್ಮ. “ಬಿಪಿ ಅಂತ ಬರೆದ್ರೆ ಪ್ರೀಮಿಯಂ ಏರುತ್ತೆ ಭಾವ, ಬಿಡಿ” ಎಂದು ಅವನೇ ‘ಇಲ್ಲ’ ಎಂಬಲ್ಲಿ ಟಿಕ್ ಹಾಕಿದ್ದ. ಇವರು ಸಹಿ ಮಾಡಿದ್ದರು. ಈಗ ಭಾವಮೈದನ ಜೊತೆ ಮಾತಿಲ್ಲ, ಹೆಂಡತಿ ತವರಿಗೆ ಹೋಗುವ ಹಾಗಿಲ್ಲ. ನನ್ನ ಹತ್ತಿರ ಬಂದದ್ದು ಆ ಜಗಳಕ್ಕೆ.

ಮೊದಲ ಎರಡು ಭೇಟಿ ಯಾರ ತಪ್ಪು ಎನ್ನುವುದರಲ್ಲೇ ಕಳೆದವು. ಮೂರನೆಯ ಸಲ ಹೆಂಡತಿ ಬ್ಯಾಗಿನಿಂದ ಸಣ್ಣ ಸ್ಟೀಲಿನ ಅಡಿಕೆ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಬಿಳಿ ಮಾತ್ರೆಗಳು. ಬಿಪಿಯದು, ಎಲ್ಲವನ್ನೂ ಸ್ಟ್ರಿಪ್‌ನಿಂದ ಬಿಡಿಸಿ ಹಾಕಿದ್ದು. ಬಿಲ್ಲಿಲ್ಲದೆ ತರುವುದು, ಹೆಸರು ಕಾಣದಂತೆ ಇಡುವುದು ಗಂಡನಿಗೆ ವರ್ಷಗಳ ಅಭ್ಯಾಸವಂತೆ. ಯಾಕೆ ಎಂದು ಕೇಳಿದೆ. ಗಂಡ ತಲೆ ಎತ್ತದೆ ಹೇಳಿದರು: “ಡಾಕ್ಟ್ರ ಹತ್ರ ನಿಜ ಹೇಳೋಕೂ ಭಯ ಮೇಡಂ. ಬರೆದುಬಿಡ್ತಾರೆ.”

ಎದೆನೋವಿನಲ್ಲಿ ತುರ್ತು ವಿಭಾಗಕ್ಕೆ ಸೇರಿಸಿದಾಗಲೂ ಮೊದಲ ಅರ್ಧ ಗಂಟೆ ಬಿಪಿ ಇಲ್ಲ ಎಂದೇ ಹೇಳಿದ್ದರು. ಹೆಂಡತಿಯೇ ನರ್ಸ್ ಕಿವಿಯಲ್ಲಿ ಹೇಳಿದ್ದು. ಅದೇ ಮಾತು ಡಿಸ್ಚಾರ್ಜ್ ಸಮ್ಮರಿಗೆ ಹೋಗಿ, ಅಲ್ಲಿಂದ ಕಂಪನಿಗೆ ತಲುಪಿತು. ಅಂದರೆ ಕ್ಲೇಮ್ ಕೆಡಿಸಿದ ಪಾಪ ತನ್ನದೇ ಎಂದು ಆಕೆ ಎರಡು ತಿಂಗಳಿಂದ ಒಳಗೊಳಗೇ ಬೇಯುತ್ತಿದ್ದರು. ನನ್ನನ್ನು ಕಾಡಿದ್ದು ದುಡ್ಡಿಗಿಂತ ಹೆಚ್ಚಾಗಿ ಇದು. “ಆ ಮಾತು ಹೇಳದಿದ್ದರೆ ತಪ್ಪಾಗುತ್ತಿತ್ತು” ಎಂದು ಗಂಡನ ಎದುರಿಗೇ ಹೇಳಿದೆ. ಮೊದಲ ಸಲಹೆಯೂ ಅದರಿಂದಲೇ ಹುಟ್ಟಿತು: ಮಾತ್ರೆ ಸ್ಟ್ರಿಪ್‌ನಲ್ಲೇ ಇರಲಿ, ಹೆಸರು, ಪ್ರಮಾಣ, ಶುರುವಾದ ವರ್ಷ ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ, ಹೃದಯದ ಡಾಕ್ಟರಿಗೆ ತೋರಿಸಿ.

ಆಮೇಲೆ ಫೈಲ್ ಬಿಚ್ಚಿಸಿದೆ. ಆಪ್ತಸಲಹೆಗಾರರಿಗೆ ವಿಮೆಯ ಉಸಾಬರಿ ಯಾಕೆ ಎಂದು ಸಹೋದ್ಯೋಗಿಗಳು ಕೇಳಿದ್ದುಂಟು. ಜಗಳದ ಬೇರು ಕಾಗದದಲ್ಲಿರುವಾಗ ಬರೀ ಸಮಾಧಾನ ಹೇಳಿ ಕಳಿಸುವುದು ನನ್ನಿಂದಾಗದು.

ಪಾಲಿಸಿಗೆ ಎಷ್ಟು ತಿಂಗಳಾಯಿತು ಎಂದು ಕಂಪನಿ ಲೆಕ್ಕ ಹಿಡಿದದ್ದು 2022ರ ಆಗಸ್ಟಿನಿಂದ, 27 ತಿಂಗಳು. ಆದರೆ ಅದು ಪೋರ್ಟ್ ಆಗಿ, ಅಂದರೆ ಒಂದು ಕಂಪನಿಯಿಂದ ಇನ್ನೊಂದಕ್ಕೆ ವರ್ಗವಾಗಿ ಬಂದ ಪಾಲಿಸಿ. ಮೊದಲನೆಯದು ಬೇರೆ ಕಂಪನಿಯಲ್ಲಿ 2018ರ ಆಗಸ್ಟಿನದು, ಮೊತ್ತ 3 ಲಕ್ಷ. ನಡುವೆ ಒಂದು ದಿನವೂ ತಪ್ಪಿಲ್ಲ. ಒಟ್ಟು 75 ತಿಂಗಳು. ಸತತ 60 ತಿಂಗಳು ಮುಗಿದ ಮೇಲೆ, ಮಾಹಿತಿ ಮುಚ್ಚಿಟ್ಟರೆಂಬ ಕಾರಣಕ್ಕೆ ಆರೋಗ್ಯ ವಿಮೆಯ ಕ್ಲೇಮ್ ತಿರಸ್ಕರಿಸುವಂತಿಲ್ಲ, ವಂಚನೆ ಸಾಬೀತಾದರೆ ಮಾತ್ರ ಬೇರೆ ಮಾತು. 2024ಕ್ಕೆ ಮುಂಚೆ ಈ ಅವಧಿ 96 ತಿಂಗಳಿತ್ತು. ಪೋರ್ಟ್ ಮಾಡಿದರೂ ಹಿಂದಿನ ತಿಂಗಳುಗಳು ಸೇರುತ್ತವೆ. ಆದರೆ ಪೋರ್ಟ್ ಮಾಡುವಾಗ 5 ಲಕ್ಷಕ್ಕೆ ಏರಿಸಿದ್ದರು, ಹೆಚ್ಚಾದ 2 ಲಕ್ಷಕ್ಕೆ ಎಣಿಕೆ ಹೊಸದಾಗಿ ಶುರು. ಬಿಲ್ಲು 3 ಲಕ್ಷದೊಳಗಿದ್ದದ್ದು ಅದೃಷ್ಟ.

ಇದನ್ನು ಸುಳ್ಳಿಗೆ ಕೊಟ್ಟ ಪರವಾನಗಿ ಎಂದು ಓದಬೇಡಿ. ಬಿಪಿ ಬರೆದಿದ್ದರೆ ಪ್ರೀಮಿಯಂ ಒಂದಿಷ್ಟು ಏರುತ್ತಿತ್ತೇನೋ, ಮೊದಲೇ ಇದ್ದ ಕಾಯಿಲೆಗೂ ವಿಮೆ ಸಿಗಲು ಆಗಿನ ನಿಯಮದಲ್ಲಿ ಕಾಯಬೇಕಾಗಿದ್ದದ್ದು ಹೆಚ್ಚೆಂದರೆ 48 ತಿಂಗಳು. 2022ಕ್ಕೇ ಮುಗಿಯುತ್ತಿತ್ತು! ಈಗ ಆ ಮಿತಿ 36ಕ್ಕೆ ಇಳಿದಿದೆ. ಪಾಲಿಸಿ ಕೈಗೆ ಬಂದ ದಿನ ಅದರ ಜೊತೆಗಿರುವ ಅರ್ಜಿಯ ಪ್ರತಿ ತೆಗೆದು ಕಾಯಿಲೆಯ ಪುಟ ಓದಿ. ತಪ್ಪಿದ್ದರೆ ಇಮೇಲ್ ಮಾಡಿ ಸರಿಪಡಿಸಿ. ಬೇಡವೆನಿಸಿದರೆ ಹೊಸ ಪಾಲಿಸಿಯನ್ನು 30 ದಿನದೊಳಗೆ ವಾಪಸ್ ಮಾಡಬಹುದು. ಹಿಂದೆಯೇ ಮುಚ್ಚಿಟ್ಟವರೂ ಈಗ ಬರೆಯಿರಿ. ಕಂಪನಿ ಹೆಚ್ಚು ಪ್ರೀಮಿಯಂ ಕೇಳಬಹುದು, ರದ್ದು ಮಾಡಲೂಬಹುದು. ಐಸಿಯು ಬಾಗಿಲಲ್ಲಿ ಗೊತ್ತಾಗುವುದಕ್ಕಿಂತ ಅದು ವಾಸಿ.

ಇವರಿಗೆ ಹೇಳಿದ ದಾರಿ ಇಷ್ಟು: ತಿರಸ್ಕಾರ ಪತ್ರದಲ್ಲಿ ಯಾವ ಷರತ್ತು ಎತ್ತಿದ್ದಾರೆ ನೋಡಿ, ಎರಡೂ ಪಾಲಿಸಿಗಳ ಎಲ್ಲ ವರ್ಷದ ಪ್ರತಿ ಲಗತ್ತಿಸಿ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ, ಇಂಥ ದೂರು ವಿಚಾರಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ. ಶುಲ್ಕವಿಲ್ಲ, ವಕೀಲರೂ ಬೇಡ.

ತೊಡಕು ಒಂದೇ. 2018ರ ಪಾಲಿಸಿ ಪ್ರತಿ ಇದ್ದದ್ದು ಭಾವಮೈದನ ಹತ್ತಿರ. ಹಳೆಯ ಕಂಪನಿಗೆ ಬರೆದೂ ತರಿಸಬಹುದಿತ್ತು, ಹಾಗೆ ಹೇಳಲಿಲ್ಲ. ಹೆಂಡತಿಯ ಕೈಲಿ ಹೇಳಿಸಬೇಡಿ, ನೀವೇ ಫೋನ್ ಮಾಡಿ ಎಂದೆ. ಇದು ಸರಿಯೇ ಎಂದು ಆಮೇಲೆ ಯೋಚಿಸಿದ್ದೇನೆ. ಸರಿ ಎಂದೇ ಅನ್ನಿಸುತ್ತದೆ.

ನಾಲ್ಕು ದಿನ ಬಿಟ್ಟು ಮಾಡಿದರಂತೆ. ಎರಡು ನಿಮಿಷದ ಮಾತು, ಪಾಲಿಸಿ ನಂಬರು ಬಿಟ್ಟು ಬೇರೇನಿಲ್ಲ. ಮಾರನೆಯ ಬೆಳಿಗ್ಗೆ ಅವನು ಕಾಗದಗಳನ್ನು ತಾನೇ ಅಂಗಡಿಗೆ ತಂದುಕೊಟ್ಟ.