‘ಫೋಕ್ ಸಿಂಗರ್’ ತಕರಾರಿಗೆ ಉತ್ತರ

(ಕರಿಯ ಅಮೆರಿಕನ್ನರ ಬ್ಲೂಸ್ ಸಂಗೀತದ ಗಾಯಕ, ಗಿಟಾರಿಗ ಮಡ್ಡಿ ವಾಟರ್ಸ್‌ನ 1964ರ ಆಲ್ಬಮ್ ‘ಫೋಕ್ ಸಿಂಗರ್’ ಅನ್ನು ಕಳೆದ ಸಂಚಿಕೆಯಲ್ಲಿ ಮೆಚ್ಚಿ ಬರೆದಿದ್ದೆವು. ಧಾರವಾಡದ ಓದುಗರೊಬ್ಬರು ಒಪ್ಪಿಲ್ಲ. ಅವರ ಪತ್ರದ ಸಾರ: ‘ಹೆಸರೇ ಕಂಪನಿಯ ಗಿಮಿಕ್. ಬಂದಾಗ ಯಾರೂ ಕೇಳದ ಆಲ್ಬಮ್ಮನ್ನು ದುಬಾರಿ ಸ್ಪೀಕರ್ ಇರುವವರು ಆಮೇಲೆ ಎತ್ತಿ ಕೂರಿಸಿದರು. ಅರ್ಧ ಭಾಗ ಬರೀ ಮೌನ. ನನ್ನ ಫೋನಿನಲ್ಲಂತೂ ಏನೂ ಕೇಳಿಸುವುದಿಲ್ಲ, ಕೇಳಿಸಿದರೆ ಕಿರುಚುತ್ತದೆ. ಕೊನೆಗೆ ಬರುವ ಹಾಡುಗಳಲ್ಲಿ ಎಲೆಕ್ಟ್ರಿಕ್ ಗಿಟಾರೇ ಇದೆ!’)

ಹೆಸರಿನ ಮಾತು ಒಪ್ಪಿದೆವು. 1963ರ ಹೊತ್ತಿಗೆ ಮಡ್ಡಿ ವಾಟರ್ಸ್ ಜನಪದ ಗಾಯಕನಾಗಿರಲಿಲ್ಲ. ಎಲೆಕ್ಟ್ರಿಕ್ ಗಿಟಾರ್, ಹಾರ್ಮೋನಿಕಾ, ಪಿಯಾನೊ, ಡ್ರಮ್ಸ್ ಕಟ್ಟಿಕೊಂಡು ಷಿಕಾಗೋದ ಕ್ಲಬ್ಬುಗಳನ್ನು ನಡುಗಿಸುತ್ತಿದ್ದ ಬ್ಯಾಂಡಿನ ಯಜಮಾನ. ಅಮೆರಿಕದ ಕಾಲೇಜು ಹುಡುಗರು ಆಗ ಕರೆಂಟಿಲ್ಲದ ಮರದ ಗಿಟಾರಿನ ಫೋಕ್ ರೆಕಾರ್ಡುಗಳನ್ನು ಮುಗಿಬಿದ್ದು ಕೊಳ್ಳುತ್ತಿದ್ದರು, ಮಡ್ಡಿಯ ರೆಕಾರ್ಡುಗಳನ್ನು ತರುತ್ತಿದ್ದ ಚೆಸ್ ಕಂಪನಿಗೆ ಆ ಗಿರಾಕಿ ಬೇಕಿತ್ತು. ಇದೇ ಕಂಪನಿ 1966ರಲ್ಲಿ ‘ದ ರಿಯಲ್ ಫೋಕ್ ಬ್ಲೂಸ್’ ಎಂದು ಹೊರತಂದ ಮಡ್ಡಿಯ ಆಲ್ಬಮ್ಮಿನಲ್ಲಿ ಇದ್ದದ್ದು ಹಳೆಯ ಸಿಂಗಲ್‌ಗಳು, ಅವುಗಳಲ್ಲಿ ಎಲೆಕ್ಟ್ರಿಕ್ ಗಿಟಾರೇ ಮುಂದು. ಅಲ್ಲಿ ಬದಲಾದದ್ದು ಅಂಗಡಿಯ ಬೋರ್ಡು ಮಾತ್ರ. ‘ಫೋಕ್ ಸಿಂಗರ್’ನಲ್ಲಿ ಹಾಗಲ್ಲ, ಸರಕೂ ಬದಲಾಗಿತ್ತು.

‘ಯಾರೂ ಕೇಳಲಿಲ್ಲ’ ಎಂಬುದೂ ಹೆಚ್ಚುಕಡಿಮೆ ನಿಜವೇ. ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿಯಲ್ಲಿ ಇದು ಕಾಣಿಸಲಿಲ್ಲ. ಮಡ್ಡಿ ಆ ಪಟ್ಟಿ ಮುಟ್ಟಿದ್ದು 1968ರ ‘ಎಲೆಕ್ಟ್ರಿಕ್ ಮಡ್’ನಿಂದ, ಅದು ಅವನಿಗೇ ಹಿಡಿಸದ ಆಲ್ಬಮ್. ಆದರೆ ಸೋಲಿಗೆ ಕಾರಣ ಸಂಗೀತದಲ್ಲಿರಲಿಲ್ಲ. 1958ರಲ್ಲಿ ಮಡ್ಡಿ ಇಂಗ್ಲೆಂಡಿಗೆ ಹೋದಾಗ ಅಲ್ಲಿನವರಿಗೆ ಬ್ಲೂಸ್ ಎಂದರೆ ಬಿಗ್ ಬಿಲ್ ಬ್ರೂಂಜಿ, ಮರದ ಗಿಟಾರ್ ಹಿಡಿದು ಒಬ್ಬನೇ ಕೂತು ಹಾಡುವವನು. ಮಡ್ಡಿಯ ಆಂಪ್ಲಿಫೈಯರ್ ಸದ್ದಿಗೆ ಕೆಲವರು ಕಿವಿ ಮುಚ್ಚಿಕೊಂಡರು. ಅದನ್ನು ನೆನಪಿಟ್ಟುಕೊಂಡು ಮುಂದಿನ ಸಲ ಆತ ಮರದ ಗಿಟಾರ್ ತಂದರೆ, ಅಷ್ಟರಲ್ಲಿ ಅಲ್ಲಿನ ಹುಡುಗರು ಎಲೆಕ್ಟ್ರಿಕ್ ಬ್ಲೂಸ್ ಹಿಡಿದಾಗಿತ್ತು! ಅಮೆರಿಕದಲ್ಲೂ ಇದೇ ಫಜೀತಿ. ಷಿಕಾಗೋದ ಕರಿಯ ಕೇಳುಗರಿಗೆ ಇದು ತಾವು ಬಿಟ್ಟುಬಂದ ಹಳ್ಳಿಯ ಸದ್ದು. ಫೋಕ್ ಮಂದಿಗೆ ಬೇಕಿದ್ದದ್ದು ಮಿಸಿಸಿಪ್ಪಿಯಿಂದ ಹುಡುಕಿ ತಂದ ಮುದುಕರು.

ಈ ಆಲ್ಬಮ್ಮಿನ ಇನ್ನೊಬ್ಬ ಗಿಟಾರಿಗ ಬಡ್ಡಿ ಗಯ್ ಮುಂದೆ ಹಲವು ಸಲ ಹೇಳಿದ ಪ್ರಸಂಗವೂ ಅದೇ. ಜೊತೆಗೆ ನುಡಿಸಲು ಹಳೆಯ ಕಾಲದ ಗಿಟಾರಿಗನೊಬ್ಬನನ್ನು ಕರೆತಾ ಎಂದು ಕಂಪನಿಯ ಯಜಮಾನ ಲಿಯೊನಾರ್ಡ್ ಚೆಸ್ ಹೇಳಿದರೆ ಮಡ್ಡಿ ಕರೆದುತಂದದ್ದು 27ರ ಬಡ್ಡಿಯನ್ನು. ಬೈಗುಳ ಬಿತ್ತು, ನುಡಿಸಲು ಶುರುಮಾಡಿದ ಮೇಲೆ ನಿಂತಿತು. 1963ರ ಸೆಪ್ಟೆಂಬರಿನಲ್ಲಿ ನಡೆದ ಈ ರೆಕಾರ್ಡಿಂಗ್‌ನಲ್ಲಿ ಡಬಲ್ ಬೇಸ್ ವಿಲಿ ಡಿಕ್ಸನ್, ಡ್ರಮ್ಸ್ ಕ್ಲಿಫ್ಟನ್ ಜೇಮ್ಸ್.

ಇನ್ನು ಮೌನದ ತಕರಾರು. ಇಲ್ಲಿ ನಾವು ಒಪ್ಪುವುದಿಲ್ಲ. ಬಾರ್ ಎಂದರೆ ನಾಲ್ಕು ಬೀಟಿನ ಒಂದು ಅಳತೆ. 12 ಬಾರಿನ ಬ್ಲೂಸ್‌ನಲ್ಲಿ ನಾಲ್ಕು ನಾಲ್ಕು ಬಾರಿನ ಮೂರು ಸಾಲು. ಪ್ರತಿ ಸಾಲಿನಲ್ಲಿ ಮಾತು ಸುಮಾರು ಎರಡು ಬಾರಿಗೇ ಮುಗಿಯುತ್ತದೆ, ಮಿಕ್ಕ ಜಾಗ ಗಿಟಾರಿನ ಉತ್ತರಕ್ಕೆ. ನಿಮಿಷಕ್ಕೆ 60 ಬೀಟಿನ ಲಯ ಇಟ್ಟುಕೊಂಡರೆ ಒಂದು ಸುತ್ತಿಗೆ 48 ಸೆಕೆಂಡು, ಅದರಲ್ಲಿ ಹತ್ತಿರಹತ್ತಿರ ಅರ್ಧ ಹಾಡಿಲ್ಲದ ಜಾಗ. ಬ್ಯಾಂಡಿದ್ದರೆ ಅದನ್ನು ಹಾರ್ಮೋನಿಕಾ, ಪಿಯಾನೊ ತುಂಬುತ್ತವೆ, ಇಲ್ಲಿ ಬೇಕೆಂದೇ ಬಿಟ್ಟಿದ್ದಾರೆ. ವಿಲಂಬಿತ್ ಖಯಾಲ್ ಕೇಳುವ ಊರಿನವರು ನೀವು, ಇದನ್ನು ನಾವು ನಿಮಗೆ ಹೇಳಬೇಕೆ?

ಮೊದಲ ಹಾಡು ‘ಮೈ ಹೋಮ್ ಈಸ್ ಇನ್ ದ ಡೆಲ್ಟಾ’ ಇನ್ನೊಮ್ಮೆ ಹಾಕಿ. ತಂತಿಯ ಮೇಲೆ ಜಾರುವ ಸ್ಲೈಡ್ (ಬೆರಳಿಗೆ ತೊಡುವ ಕೊಳವೆ) ಮಡ್ಡಿಯದು. ಒಂದೊಂದೇ ಸ್ವರವನ್ನು ಬೆರಳಿನಿಂದ ಕಿತ್ತು ಪಕ್ಕದಲ್ಲಿ ಚುಕ್ಕಿಯಿಡುವವನು ಬಡ್ಡಿ. ಸ್ಲೈಡನ್ನು ತಂತಿಗೆ ಮೆಲ್ಲಗೆ ತಾಗಿಸಬೇಕು, ಗಿಟಾರಿನ ಕತ್ತಿನ ಮೇಲಿರುವ ಅಡ್ಡಪಟ್ಟಿಯ (ಫ್ರೆಟ್) ನೇರಕ್ಕೇ ಬರಬೇಕು. ಒತ್ತಿದರೆ ಪಟ್ಟಿಗೆ ಬಡಿದು ಕಟಕಟ ಎನ್ನುತ್ತದೆ, ಕೂದಲೆಳೆ ಹಿಂದೆ ನಿಂತರೆ ಅಪಸ್ವರ. ನಮ್ಮ ಗೋಟುವಾದ್ಯದಲ್ಲೂ ಕೈ ತಪ್ಪುವುದು ಇಲ್ಲೇ. ಗಾಂಧಾರವನ್ನು ಗಮನಿಸಿ: ಕೋಮಲವೂ ಅಲ್ಲ, ಶುದ್ಧವೂ ಅಲ್ಲ, ನಡುವೆ ಎಲ್ಲೋ ತೂಗುತ್ತದೆ. ಬ್ಲೂಸ್‌ನವರು ‘ಬ್ಲೂ ನೋಟ್’ ಎನ್ನುವುದು ಇಂಥದ್ದಕ್ಕೆ.

ಕೊನೆಯ ಹಾಡು ‘ಫೀಲ್ ಲೈಕ್ ಗೋಯಿಂಗ್ ಹೋಮ್’ ಅಂತೂ ಕಂಪನಿಯ ಗಿಮಿಕ್ಕಿಗೆ ಹುಟ್ಟಿದ್ದಲ್ಲ. ಮಡ್ಡಿ ಇನ್ನೂ ಮಿಸಿಸಿಪ್ಪಿಯ ಸ್ಟೋವಲ್ ಪ್ಲಾಂಟೇಶನ್ನಿನಲ್ಲಿ ದುಡಿಯುತ್ತಿದ್ದ 1941ರಲ್ಲೇ ಜಾನಪದ ಸಂಗ್ರಾಹಕ ಆಲನ್ ಲೋಮ್ಯಾಕ್ಸ್ ಇದರ ಮೂಲರೂಪವನ್ನು ‘ಕಂಟ್ರಿ ಬ್ಲೂಸ್’ ಹೆಸರಿನಲ್ಲಿ ಧ್ವನಿಮುದ್ರಿಸಿದ್ದ. 1948ರಲ್ಲಿ ಅದೇ ಷಿಕಾಗೋದಲ್ಲಿ ಎಲೆಕ್ಟ್ರಿಕ್ ಗಿಟಾರ್ ಏರಿತು. ಇಲ್ಲಿ ಮರಳಿ ಮರದ ಗಿಟಾರಿಗೆ ಬಂದಿದೆ.

ನಿಮ್ಮ ಫೋನಿನ ಕಷ್ಟಕ್ಕೆ ಕಾರಣವಿದೆ. ಈ ರೆಕಾರ್ಡಿಂಗ್‌ನಲ್ಲಿ ಪಿಸುಮಾತಿಗೂ ಕೂಗಿಗೂ ಇರುವ ಅಂತರ ಬಹಳ ದೊಡ್ಡದು. ಮೆಲುದನಿ ಕೇಳಿಸಲಿ ಎಂದು ವಾಲ್ಯೂಮ್ ಏರಿಸುತ್ತೀರಿ, ಮಡ್ಡಿ ಗಂಟಲು ಬಿಟ್ಟೊಡನೆ ಪುಟ್ಟ ಸ್ಪೀಕರ್ ತಡೆಯಲಾರದೆ ಒಡೆದುಕೊಳ್ಳುತ್ತದೆ. ಅವನು ಜೋರಾಗಿ ಹಾಡುವ ಕಡೆಗೆ ವಾಲ್ಯೂಮ್ ಹೊಂದಿಸಿ ಅಲ್ಲೇ ಬಿಡಿ. ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿ, ಈಕ್ವಲೈಜರ್‌ನಲ್ಲಿ ಬೇಸ್ ಏರಿಸಿದ್ದರೆ ಇಳಿಸಿ. ಆಪ್‌ನಲ್ಲಿ ವಾಲ್ಯೂಮ್ ಸಮ ಮಾಡುವ ಆಯ್ಕೆಗೆ ‘ಲೌಡ್’ ಎಂಬ ಮಟ್ಟವಿದ್ದರೆ ತೆಗೆಯಿರಿ, ಕೆಲವು ಆಪ್‌ಗಳಲ್ಲಿ ಅದು ಸದ್ದು ಜೋರಾಗುವ ತುದಿಗಳನ್ನು ಅದುಮುತ್ತದೆ.

ಎಲ್‌ಪಿ ಕೊಳ್ಳುವವರಿಗೂ ಒಂದು ಮಾತು. ಕೊನೆಯ ಹಾಡು ತಟ್ಟೆಯ ಒಳಗಡೆ ಬೀಳುತ್ತದೆ. ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಗೆರೆ ಸರಿದರೆ, ಕೇಂದ್ರದಿಂದ 6 ಸೆಂ.ಮೀ. ದೂರದಲ್ಲಿ ಸರಿಯುವುದು ಬರೀ 21 ಸೆಂ.ಮೀ. ಅಷ್ಟರಲ್ಲೇ ಅಷ್ಟೇ ಸದ್ದು ತುರುಕಬೇಕು. ಸೂಜಿಯನ್ನು ಹಿಡಿದಿರುವ ಕಾರ್ಟ್ರಿಜ್ ಒಂದಿಷ್ಟು ಸೊಟ್ಟಗಿದ್ದರೂ, ಸೂಜಿ ಸವೆದಿದ್ದರೂ ‘ಸ’ಕಾರಗಳು ಸೀಳುತ್ತವೆ. ಸೂಜಿಯ ಭಾರ ಏರಿಸಿ ಸರಿಮಾಡಲು ಹೋಗಬೇಡಿ, ತಯಾರಕರು ಹೇಳಿದಷ್ಟೇ ಇಟ್ಟು ಮೊದಲು ಕಾರ್ಟ್ರಿಜ್ಜಿನ ಕೋನ ನೋಡಿ.

ದುಬಾರಿ ಸ್ಪೀಕರಿನವರ ಮೇಲೆ ನಿಮಗಿರುವ ಸಿಟ್ಟು ನಮಗೂ ಸ್ವಲ್ಪ ಇದೆ. ಹಳೆಯ ರೆಕಾರ್ಡುಗಳನ್ನು ಮತ್ತೆ ಹೊರತರುವ ಮೊಬೈಲ್ ಫಿಡೆಲಿಟಿ ಕಂಪನಿಯ ಮರುಮುದ್ರಣ ಬಂದ ಮೇಲೆ ಈ ಆಲ್ಬಮ್ ಹೈ-ಫೈ ಅಂಗಡಿಗಳ ಡೆಮೊ ಆಯಿತು. ಕಂಠದ ಸುತ್ತಲಿನ ಪ್ರತಿಧ್ವನಿ ಎಷ್ಟು ಹೊತ್ತು ಉಳಿಯಿತು ಎಂದು ಎಣಿಸುವವರು ಹಾಡು ಕೇಳುತ್ತಾರೋ ಇಲ್ಲವೋ ಗೊತ್ತಿಲ್ಲ. ಆದರೂ ಅಂಗಡಿಗಳಲ್ಲಿ ಇದು ಉಳಿದುಕೊಂಡದ್ದರಲ್ಲಿ ಅವರ ಪಾಲಿದೆ.

ಕೊನೆಯ ಗೊಂದಲ. ನೀವು ಕೇಳಿದ್ದು 14 ಹಾಡುಗಳ ಆವೃತ್ತಿ. 1964ರ ಆಲ್ಬಮ್ಮಿನಲ್ಲಿದ್ದದ್ದು ಒಂಬತ್ತೇ. ‘ದ ಸೇಮ್ ಥಿಂಗ್’ ಮುಂತಾದ ಉಳಿದ ಐದು ಬೇರೆ ರೆಕಾರ್ಡಿಂಗ್‌ಗಳವು, 1999ರ ಸಿಡಿಯಲ್ಲಿ ಸೇರಿಸಿದ್ದು. ಎಲೆಕ್ಟ್ರಿಕ್ ಗಿಟಾರ್ ಕೇಳಿಸಿದ್ದು ಅಲ್ಲೇ. ಒಂಬತ್ತನೆಯದಕ್ಕೆ ನಿಲ್ಲಿಸಿ ನೋಡಿ, ಆಮೇಲೂ ತಕರಾರು ಉಳಿದರೆ ಬರೆಯಿರಿ.

— ಸಂ.